ಕ್ನೋಸೊಸ್‌ನಲ್ಲಿ ಕಲ್ಲು ಯಾವುದು, ಕಾಂಕ್ರೀಟು ಯಾವುದು?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಇತಿಹಾಸ ಅಧ್ಯಾಪಕ. ಮಗಳು, ಅಳಿಯ ಜರ್ಮನಿಯಲ್ಲಿದ್ದಾರೆ. ಬರುವ ಮೇ ತಿಂಗಳಲ್ಲಿ ಮಗಳ ಜೊತೆ ನಾವಿಬ್ಬರೂ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ ಮೂರು ದಿನ ಇರುವವರಿದ್ದೇವೆ. ಆ ದ್ವೀಪದ ಕಂಚಿನ ಯುಗದ ಮಿನೋವನ್ ನಾಗರಿಕತೆಯ ಕ್ನೋಸೊಸ್ ಅರಮನೆಯನ್ನು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ಆದರೆ ಈ ಹಿಂದೆ ಹೋಗಿಬಂದ ಅಳಿಯ, ‘ಅಲ್ಲಿರುವುದೆಲ್ಲ ನೂರು ವರ್ಷದ ಹಿಂದಿನ ಸಿಮೆಂಟು, ಮಾವ’ ಎನ್ನುತ್ತಾರೆ. ಇದು ನಿಜವೆ? ಅದರ ಬದಲು ದ್ವೀಪದ ಇನ್ನೊಂದು ಮಿನೋವನ್ ಅರಮನೆಯಾದ ಫೈಸ್ಟೊಸ್‌ಗೆ ಹೋಗುವುದು ಮೇಲೆ? ಗ್ರೀಕ್ ಪುರಾಣದ ಆ ಚಕ್ರವ್ಯೂಹ ಅಲ್ಲಿ ಎಲ್ಲಿದೆ? ನನ್ನ ಪತ್ನಿಗೆ ಮೊಣಕಾಲು ನೋವಿರುವುದರಿಂದ ಎಲ್ಲವನ್ನೂ ಹತ್ತಿಳಿದು ನೋಡುವುದು ಸಾಧ್ಯವಾಗಲಾರದು.

ಉತ್ತರ: ನಿಮ್ಮ ಅಳಿಯ ಹೇಳಿದ್ದರಲ್ಲಿ ಸತ್ಯವಿದೆ, ಆದರೆ ‘ಎಲ್ಲ’ ಎಂಬ ಮಾತು ಸರಿಯಲ್ಲ. ಕ್ನೋಸೊಸ್‌ನಲ್ಲಿ ಒಂದರೊಳಗೊಂದು ಹೆಣೆದುಕೊಂಡ ಎರಡು ಕಟ್ಟಡಗಳಿವೆ. ಒಂದು, ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಕಲ್ಲು, ಮರ, ಗಾರೆಗಳಿಂದ ಎದ್ದದ್ದು. ಇನ್ನೊಂದು, ಇಪ್ಪತ್ತನೆಯ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಆರ್ಥರ್ ಇವಾನ್ಸ್ ಕಟ್ಟಿಸಿದ್ದು. ಇವೆರಡನ್ನೂ ಬೇರೆಬೇರೆಯಾಗಿ ಕಾಣುವ ಕಣ್ಣನ್ನು ಪಡೆದುಕೊಂಡು ಹೋದರೆ, ಆ ಕಾಂಕ್ರೀಟು ನಿಮಗೆ ಅಡ್ಡಿಯಾಗುವುದಿಲ್ಲ. ಬದಲಾಗಿ, ಪುರಾತತ್ತ್ವಜ್ಞನೊಬ್ಬ ಯಾವ ಸಾಕ್ಷ್ಯದಿಂದ ಯಾವ ನಿರ್ಧಾರಕ್ಕೆ ಬಂದನೆಂಬುದನ್ನು ಅದು ಹೆಜ್ಜೆಹೆಜ್ಜೆಗೂ ತೋರಿಸುತ್ತದೆ. ಇತಿಹಾಸ ಕಲಿಸಿದ ನಿಮಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯುರೋಪಿನಲ್ಲಿ ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಮೊದಲು ಸ್ಥಳದ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಹೆರಾಕ್ಲಿಯೊನ್ ನಗರದಿಂದ ದಕ್ಷಿಣಕ್ಕೆ ಸುಮಾರು 5 ಕಿಲೋಮೀಟರ್ ದೂರದಲ್ಲಿ ಕೆಫಾಲ ಎಂಬ ತಗ್ಗಾದ ದಿಬ್ಬವಿದೆ. ಅಲ್ಲಿ ಕ್ರಿ.ಪೂ. 7000ದ ಸುಮಾರಿನಿಂದಲೇ ಜನ ನೆಲೆಸಿದ್ದರು. ಊರಿನ ಮೇಲೆ ಊರು ಬೆಳೆದು ದಿಬ್ಬವೇ ಎತ್ತರವಾಯಿತು. ಕ್ರಿ.ಪೂ. 1900ರ ಆಸುಪಾಸಿನಲ್ಲಿ ಮೊದಲ ಅರಮನೆ ಎದ್ದಿತು. ಅದು ಸುಮಾರು 1700ರಲ್ಲಿ, ಬಹುಶಃ ಭೂಕಂಪದಿಂದ, ನಾಶವಾದ ಮೇಲೆ ಅದೇ ಜಾಗದಲ್ಲಿ ಇನ್ನೂ ಭವ್ಯವಾದ ಎರಡನೆಯ ಅರಮನೆಯನ್ನು ಕಟ್ಟಲಾಯಿತು. ಕ್ರಿ.ಪೂ. 1450ರ ಸುಮಾರಿಗೆ ಕ್ರೀಟ್‌ನ ಇತರ ಅರಮನೆಗಳೆಲ್ಲ ಬೆಂಕಿಗೆ ಆಹುತಿಯಾದಾಗಲೂ ಕ್ನೋಸೊಸ್ ಉಳಿದುಕೊಂಡಿತು. ಆ ಬಳಿಕ ಅಲ್ಲಿ ಆಡಳಿತ ನಡೆಸಿದವರು ಗ್ರೀಕ್ ನುಡಿಯನ್ನು ಬರೆಯುತ್ತಿದ್ದರು ಎಂಬುದು ಅಲ್ಲಿ ಸಿಕ್ಕಿದ ಮಣ್ಣಿನ ಹಲಗೆಗಳಿಂದ ತಿಳಿಯುತ್ತದೆ. ಕೊನೆಗೆ ಕ್ರಿ.ಪೂ. ಹದಿನಾಲ್ಕನೆಯ ಶತಮಾನದಲ್ಲಿ ಈ ಅರಮನೆಯೂ ಉರಿಯಿತು. ಹೀಗಾಗಿ ನೀವು ನೋಡಲಿರುವ ‘ಪ್ರಾಚೀನ’ ಭಾಗವೂ ಒಂದೇ ಕಾಲದ್ದಲ್ಲ. ಒಂದೇ ಗೋಡೆಯ ಬುಡ ಮೊದಲ ಅರಮನೆಗೂ ಮೇಲಿನ ವರಸೆ ಎರಡನೆಯದಕ್ಕೂ ಸೇರಿರಬಹುದು.

ಇಲ್ಲಿ ಮೊದಲು ಅಗೆದವರು ಇವಾನ್ಸ್ ಅಲ್ಲ. ಹೆರಾಕ್ಲಿಯೊನ್‌ನವರೇ ಆದ, ಹೆಸರೂ ಕಾಕತಾಳೀಯವಾಗಿ ಹೊಂದಿಕೊಳ್ಳುವ, ಮಿನೋಸ್ ಕಲೊಕೈರಿನೊಸ್ ಎಂಬವರು 1878ರಲ್ಲಿ ಇಲ್ಲಿ ಅಗೆದು ಆಳೆತ್ತರದ ಗುಡಾಣಗಳಿದ್ದ ಉಗ್ರಾಣಗಳನ್ನು ಕಂಡುಹಿಡಿದರು. ದ್ವೀಪವು ಆಗ ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು, ಕೆಲಸ ಮುಂದುವರಿಯಲಿಲ್ಲ. ಅವರ ಸಂಗ್ರಹವೂ 1898ರ ಗಲಭೆಯಲ್ಲಿ ಸುಟ್ಟುಹೋಯಿತು. ಟ್ರಾಯ್‌ನಲ್ಲಿ ಉತ್ಖನನ ನಡೆಸಿ ಹೆಸರಾಗಿದ್ದ ಹೈನ್ರಿಚ್ ಶ್ಲೀಮನ್ ಈ ಜಾಗವನ್ನು ಕೊಳ್ಳಲು ಪ್ರಯತ್ನಿಸಿ ವಿಫಲರಾದರು. 1894ರಲ್ಲಿ ಮೊದಲ ಬಾರಿಗೆ ದ್ವೀಪಕ್ಕೆ ಬಂದ ಇವಾನ್ಸ್, ತುರ್ಕರ ಆಳ್ವಿಕೆ ಕೊನೆಗೊಂಡ ಮೇಲೆ ದಿಬ್ಬವನ್ನು ತಮ್ಮದಾಗಿಸಿಕೊಂಡು, 1900ರ ಮಾರ್ಚ್ 23ರಂದು ಉತ್ಖನನವನ್ನು ಆರಂಭಿಸಿದರು. ಮೂರು ವಾರ ಕಳೆಯುವುದರೊಳಗೆ, ಏಪ್ರಿಲ್ ಮಧ್ಯದ ಹೊತ್ತಿಗೆ, ಕಲ್ಲಿನ ಸಿಂಹಾಸನವಿದ್ದ ಕೋಣೆ ಮಣ್ಣಿನಿಂದ ಹೊರಬಂದಿತ್ತು. ಕಲೊಕೈರಿನೊಸ್ ಅವರ ಹೆಸರು ಪ್ರವಾಸಿಗರ ಕಿವಿಗೆ ಅಷ್ಟಾಗಿ ಬೀಳುವುದಿಲ್ಲವಾದ್ದರಿಂದ ಅದನ್ನು ಇಲ್ಲಿ ಹೇಳಲೇಬೇಕೆನಿಸಿತು.

ಈಗ ಸಿಮೆಂಟಿನ ವಿಷಯಕ್ಕೆ ಬರೋಣ. ಇವಾನ್ಸ್ ಯಾಕೆ ಕಟ್ಟಿದರು ಎಂಬುದು ಅರ್ಥವಾಗಬೇಕಾದರೆ ಮಿನೋವನ್ನರು ಹೇಗೆ ಕಟ್ಟಿದ್ದರು ಎಂಬುದು ತಿಳಿದಿರಬೇಕು. ಅವರ ಗೋಡೆಗಳಲ್ಲಿ ಕಲ್ಲಿನ ನಡುವೆ ಅಡ್ಡಡ್ಡ, ಉದ್ದುದ್ದ ಮರದ ತೊಲೆಗಳನ್ನು ಹೆಣೆಯಲಾಗುತ್ತಿತ್ತು. ಭೂಕಂಪದ ನಾಡಿನಲ್ಲಿ ಈ ಹೆಣಿಗೆಯಿಂದ ಗೋಡೆಗೆ ಸ್ವಲ್ಪ ಬಾಗುವ ಗುಣ ಬರುತ್ತಿತ್ತು ಎಂದು ವಿದ್ವಾಂಸರು ಭಾವಿಸುತ್ತಾರೆ. ಕಂಬಗಳೂ ಮರದವೇ. ಅರಮನೆ ಉರಿದಾಗ ತೊಲೆ, ಕಂಬಗಳು ಇದ್ದಿಲಾದವು, ಉಳಿದವು ಮಣ್ಣಿನೊಳಗೆ ಲಡ್ಡಾಗಿ ಕರಗಿದವು. ಆದರೆ ಮೇಲಿನ ಅಂತಸ್ತುಗಳಿಂದ ಕುಸಿದ ಇಟ್ಟಿಗೆ, ಮಣ್ಣು ಕೆಳಗಿನ ಕೋಣೆಗಳಲ್ಲಿ ಗಟ್ಟಿಯಾಗಿ ತುಂಬಿಕೊಂಡು, ಮೇಲಿನ ಮೆಟ್ಟಿಲನ್ನೂ ನೆಲವನ್ನೂ ಇದ್ದ ಎತ್ತರದಲ್ಲಿಯೇ ಹಿಡಿದಿಟ್ಟಿತ್ತು. ಪೂರ್ವ ಭಾಗದಲ್ಲಿ ಇದು ಅತ್ಯಂತ ಸ್ಪಷ್ಟವಾಗಿತ್ತು. ಅಲ್ಲಿ ಅರಮನೆಯನ್ನು ದಿಬ್ಬದ ಇಳಿಜಾರನ್ನು ಕಡಿದು ಕಟ್ಟಿದ್ದರಿಂದ ಎರಡು ಅಂತಸ್ತುಗಳು ನಡುವಿನ ಅಂಗಳದ ಮಟ್ಟಕ್ಕಿಂತ ಕೆಳಗಿವೆ. ಅವುಗಳಿಗೆ ಇಳಿಯುವ ಮಹಾಸೋಪಾನದ ಮೆಟ್ಟಿಲ ಸಾಲುಗಳು ಒಂದರ ಮೇಲೊಂದರಂತೆ ಉಳಿದಿದ್ದವು. ಅಗೆಯುವವರು ಕೆಳಗಿನ ಮಣ್ಣನ್ನು ತೆಗೆದಂತೆಲ್ಲ ಮೇಲಿನ ಕಲ್ಲಿಗೆ ಆಸರೆಯೇ ಇಲ್ಲದಂತಾಗುತ್ತಿತ್ತು. ಹೀಗಿರುವಾಗ ಅವರ ಮುಂದೆ ಇದ್ದದ್ದು ಎರಡೇ ದಾರಿ: ಅಗೆಯುವುದನ್ನು ನಿಲ್ಲಿಸುವುದು, ಇಲ್ಲವೇ ಮರದ ಕಂಬ ಇದ್ದಲ್ಲಿ ಇನ್ನೊಂದು ಕಂಬವನ್ನು ನಿಲ್ಲಿಸುತ್ತ ಇಳಿಯುವುದು.

ಇವಾನ್ಸ್ ಮೊದಲು ಮರವನ್ನೇ ಬಳಸಿದರು. ಕ್ರೀಟ್‌ನ ಚಳಿಗಾಲದ ಮಳೆಗೆ ಆ ಮರ ಕೆಲವೇ ವರ್ಷಗಳಲ್ಲಿ ಕೊಳೆಯಿತು. 1905ರಲ್ಲಿ ಮಹಾಸೋಪಾನದ ಮೇಲಿನ ಒಂದು ಹಂತ ಕುಸಿದುಬಿತ್ತು. ಆಗ ವಾಸ್ತುಶಿಲ್ಪಿ ಕ್ರಿಶ್ಚಿಯನ್ ಡಾಲ್ ಅವರು ಕಬ್ಬಿಣದ ತೊಲೆಗಳನ್ನೂ ಕಲ್ಲುಗಾರೆಯನ್ನೂ ಬಳಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಮೊದಲ ಮಹಾಯುದ್ಧದ ನಂತರ, 1920ರ ದಶಕದಲ್ಲಿ, ಇನ್ನೊಬ್ಬ ವಾಸ್ತುಶಿಲ್ಪಿ ಪೀಟ್ ಡಿ ಯಾಂಗ್ ಅವರ ಕಾಲಕ್ಕೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಬಂದಿತು. ಅದು ಕಡಿಮೆ ಖರ್ಚಿನದು, ಬೇಗ ಗಟ್ಟಿಯಾಗುವಂಥದು, ಬೇಕಾದ ಆಕಾರ ತಳೆಯುವಂಥದು. 1926ರ ಜೂನ್‌ನಲ್ಲಿ ದ್ವೀಪವನ್ನು ದೊಡ್ಡ ಭೂಕಂಪ ನಡುಗಿಸಿದಾಗ ಇವಾನ್ಸ್ ಅರಮನೆಯ ಸಮೀಪದಲ್ಲೇ ಇದ್ದ ತಮ್ಮ ಮನೆಯಲ್ಲಿದ್ದರು. ಹೊಸದಾಗಿ ಕಟ್ಟಿಸಿದ ಭಾಗಗಳು ಆ ಕಂಪನವನ್ನು ತಾಳಿಕೊಂಡವು. ಇದರಿಂದ ಅವರ ಆತ್ಮವಿಶ್ವಾಸ ಮತ್ತಷ್ಟು ಹೆಚ್ಚಿತು.

ಇಲ್ಲಿಯವರೆಗಿನದ್ದನ್ನು ನಾನು ರಕ್ಷಣೆ ಎಂದೇ ಕರೆಯುತ್ತೇನೆ. ಮಹಾಸೋಪಾನದ ಬಗ್ಗೆ ಇವಾನ್ಸ್ ಅವರನ್ನು ದೂರುವವರು ಅದನ್ನು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬೇಕು. ನಾಲ್ಕು ಸಾಲು ಮೆಟ್ಟಿಲುಗಳ ಬದಲು ಇಂದು ಅಲ್ಲಿ ಒಂದು ಕಲ್ಲುಗುಂಡಿ ಇರುತ್ತಿತ್ತು. ಆದರೆ ಪಶ್ಚಿಮ ಭಾಗದ ಕಥೆ ಬೇರೆ. ಅಲ್ಲಿ ಸಿಂಹಾಸನದ ಕೋಣೆಯ ಮೇಲೆ, ಉಗ್ರಾಣಗಳ ಮೇಲೆ ಎದ್ದಿರುವ ಮಹಡಿಗೆ ಇದ್ದ ಆಧಾರ ಕೆಳಗಿನ ಗೋಡೆಗಳ ದಪ್ಪ, ಬಿದ್ದಿದ್ದ ಕೆಲವು ಕಂಬದ ಪೀಠಗಳು ಮತ್ತು ಭಿತ್ತಿಚಿತ್ರದ ಚೂರುಗಳು ಮಾತ್ರ. ಮಹಡಿ ಇದ್ದದ್ದು ನಿಜವಿರಬೇಕು. ಆದರೆ ಕೋಣೆಗಳ ಆಕಾರ, ಕಿಟಕಿಗಳ ಅಳತೆ, ಕಂಬಗಳ ಸಾಲು ಇವೆಲ್ಲ ಊಹೆ. ಇಟಲಿಯ ಅರಮನೆಗಳ ಮುಖ್ಯ ಮಹಡಿಗೆ ಇರುವ ‘ಪಿಯಾನೊ ನೊಬಿಲೆ’ ಎಂಬ ಹೆಸರನ್ನೇ ಇವಾನ್ಸ್ ಇದಕ್ಕೂ ಕೊಟ್ಟರು. ರಕ್ಷಣೆ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಯಿತು ಎಂಬುದನ್ನು ಈ ಮಹಡಿಯ ಮೇಲೆ ನಿಂತು ನೀವೇ ತೀರ್ಮಾನಿಸಬಹುದು.

ಗುರುತಿಸುವುದು ಹೇಗೆ? ಕೆಲವು ಲಕ್ಷಣಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಕಣ್ಣು ಪಳಗುತ್ತದೆ. ಮಿನೋವನ್ನರು ಧಾರಾಳವಾಗಿ ಬಳಸಿದ ಕಲ್ಲು ಜಿಪ್ಸಮ್. ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾಡುವುದು ಇದೇ ಕಲ್ಲಿನಿಂದ. ಅದರ ಗಣಿ ಅರಮನೆಯ ದಕ್ಷಿಣಕ್ಕೆ ಇರುವ ಗಿಪ್ಸಾದೆಸ್ ಗುಡ್ಡದಲ್ಲಿತ್ತು. ಓರೆ ಬಿಸಿಲಿನಲ್ಲಿ ಈ ಕಲ್ಲಿನ ಹರಳುಗಳು ಮಿರುಗುತ್ತವೆ. ಇದು ಉಗುರಿನಿಂದ ಗೀರಿದರೂ ಗೆರೆ ಮೂಡುವಷ್ಟು ಮೆದು (ದಯವಿಟ್ಟು ಅಲ್ಲಿ ಪರೀಕ್ಷಿಸಬೇಡಿ), ಮಳೆನೀರಿಗೆ ನಿಧಾನವಾಗಿ ಕರಗುವಂಥದ್ದು ಕೂಡ. ತೆರೆದ ಬಯಲಲ್ಲಿರುವ ಜಿಪ್ಸಮ್ ಚಪ್ಪಡಿಗಳ ಮೇಲೆ ನೀರು ಹರಿದು ಕೊರೆದ ಗೀರುಗಳನ್ನು ನೀವು ಕಾಣುವಿರಿ. ಸೂರು ಇರುವ ಕಡೆ ಅದೇ ಕಲ್ಲು ನಯವಾಗಿ ಉಳಿದಿದೆ. ಇವಾನ್ಸ್ ಅವರ ಛಾವಣಿಗಳಿಗೆ ಇದ್ದ ಬಲವಾದ ಸಮರ್ಥನೆಗಳಲ್ಲಿ ಇದೂ ಒಂದು. ಇನ್ನೊಂದು ಗುರುತು, ಕಲ್ಲುಕುಟಿಗರು ಕೊರೆದ ಚಿಹ್ನೆಗಳು: ಎರಡು ಅಲಗಿನ ಕೊಡಲಿ, ನಕ್ಷತ್ರ, ತ್ರಿಶೂಲ, ಎಲೆಗಳುಳ್ಳ ಕೊಂಬೆ. ಅವು ಕಂಡರೆ ಅದು ಹಳೆಯ ಕಲ್ಲು. ಇನ್ನು ಗೋಡೆಯ ನಡುವೆ ಅಡ್ಡಲಾಗಿ, ತಿಳಿ ಹಳದಿಕಂದು ಬಣ್ಣ ಬಳಿದ, ಮರದ ತೊಲೆಯಂತೆ ತೋರುವ ಪಟ್ಟಿಯಿದ್ದರೆ ಅದು ಕಾಂಕ್ರೀಟು. ಸುಟ್ಟುಹೋದ ಮರದ ಜಾಗವನ್ನು ತುಂಬಿದ ತೇಪೆ. ಕೆಂಪು, ಕಪ್ಪು ಬಣ್ಣದ ದುಂಡು ಕಂಬಗಳಲ್ಲಿ ಒಂದೂ ಮೂಲದ್ದಲ್ಲ.

ಆ ಕಂಬಗಳ ಆಕಾರವಾದರೂ ನಿಜವೇ ಎಂದು ನೀವು ಕೇಳಬಹುದು, ಏಕೆಂದರೆ ಅವು ಮೇಲೆ ದಪ್ಪಗೆ, ಬುಡದಲ್ಲಿ ಸಣ್ಣಗೆ ಇವೆ. ಎಲ್ಲಿಯೂ ಕಾಣದ ಬಗೆ. ಆಕಾರಕ್ಕೆ ಒಳ್ಳೆಯ ಆಧಾರವಿದೆ. ಅರಮನೆಯಲ್ಲೇ ಸಿಕ್ಕ ಚಿಕ್ಕ ಭಿತ್ತಿಚಿತ್ರಗಳಲ್ಲಿ ಇಂಥ ಕಂಬಗಳನ್ನು ಬರೆಯಲಾಗಿದೆ, ಗ್ರೀಸ್ ಮುಖ್ಯಭೂಮಿಯ ಮೈಸೀನಿಯ ಸಿಂಹದ್ವಾರದ ಮೇಲೆಯೂ ಎರಡು ಸಿಂಹಗಳ ನಡುವೆ ಇಂಥದೇ ಕಂಬದ ಕೆತ್ತನೆ ಇದೆ. ಯಾಕೆ ತಲೆಕೆಳಗು ಮಾಡಿದರು ಎಂಬುದಕ್ಕೆ ಹಲವು ವಿವರಣೆಗಳು ಪ್ರಚಾರದಲ್ಲಿವೆ, ಒಂದೂ ಸಾಬೀತಾಗಿಲ್ಲ.

ಭಿತ್ತಿಚಿತ್ರಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಅರಮನೆಯ ಗೋಡೆಗಳ ಮೇಲಿರುವವೆಲ್ಲ ನಕಲುಗಳು. ಮೂಲ ಚೂರುಗಳು ಹೆರಾಕ್ಲಿಯೊನ್ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿವೆ. ಆದ್ದರಿಂದ ನನ್ನ ಸಲಹೆ, ಸಾಮಾನ್ಯ ರೂಢಿಗೆ ವಿರುದ್ಧವಾಗಿ, ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ, ಅರಮನೆಯನ್ನು ಆಮೇಲೆ ನೋಡಿ ಎಂಬುದು. ಅಲ್ಲಿನ ಮೇಲಂತಸ್ತಿನ ಭಿತ್ತಿಚಿತ್ರಗಳ ಹಜಾರದಲ್ಲಿ ಪ್ರತಿ ಚಿತ್ರಕ್ಕೂ ಹತ್ತಿರ ಹೋಗಿ ನಿಂತರೆ, ಹಳೆಯ ಗಾರೆಯ ಚೂರುಗಳು ಒರಟಾಗಿ, ಬಿರುಕುಬಿಟ್ಟು, ಸ್ವಲ್ಪ ಬೇರೆಯೇ ಆಗಿ ಎದ್ದು ಕಾಣುತ್ತವೆ. ಅವುಗಳ ನಡುವಿನ ಸಮತಟ್ಟಾದ ಬಣ್ಣವೆಲ್ಲ ಇವಾನ್ಸ್ ನೇಮಿಸಿಕೊಂಡಿದ್ದ ಸ್ವಿಸ್ ಮೂಲದ ಗಿಲ್ಲಿಯೆರೋನ್ ತಂದೆ–ಮಗನಂಥ ಕಲಾವಿದರ ಕೈಯದು. ಕೆಲವು ಚಿತ್ರಗಳಲ್ಲಿ ಮೂಲದ ಪಾಲು ಅಂಗೈಯಷ್ಟು ಮಾತ್ರ ಎಂಬುದು ತಿಳಿದಾಗ ಮನಸ್ಸಿಗೆ ಸ್ವಲ್ಪ ಪೆಟ್ಟಾಗುತ್ತದೆ. ಆ ಪೆಟ್ಟು ಆಗುವುದು ಒಳ್ಳೆಯದೇ.

ಎರಡು ಉದಾಹರಣೆಗಳನ್ನು ತಪ್ಪದೆ ನೋಡಿ. ಮೊದಲನೆಯದು, ಕೇಸರಿ ಹೂ ಕೊಯ್ಯುವ ಆಕೃತಿ. ಚೂರುಗಳು ಸಿಕ್ಕಿದಾಗ ಇವಾನ್ಸ್ ಅದನ್ನು ನೀಲಿ ಮೈಯ ಹುಡುಗನೆಂದು ತಿಳಿದು ಹಾಗೆಯೇ ಬರೆಯಿಸಿದರು. ಮುಂದೆ ಗ್ರೀಕ್ ಪುರಾತತ್ತ್ವಜ್ಞ ನಿಕೊಲಾವೊಸ್ ಪ್ಲಾಟೊನ್ ಅವರು ಅದು ಹುಡುಗನಲ್ಲ, ಬಾಲವುಳ್ಳ ಕೋತಿ ಎಂದು ತೋರಿಸಿದರು. ಎರಡನೆಯದು, ‘ನೈದಿಲೆಯ ರಾಜಕುಮಾರ’ ಎನ್ನಬಹುದಾದ, ಲಿಲಿ ಹೂಗಳ ಕಿರೀಟ ತೊಟ್ಟು ನಡೆಯುವ ಯುವಕನ ಚಿತ್ರ. ಕ್ರೀಟ್‌ನ ನೆನಪಿನ ವಸ್ತು ಮಾರುವ ಅಂಗಡಿಗಳಲ್ಲಿ ಪಿಂಗಾಣಿ ಬಟ್ಟಲಿನಿಂದ ಹಿಡಿದು ಬಟ್ಟೆಯ ಚೀಲದವರೆಗೆ ಎಲ್ಲೆಲ್ಲೂ ಕಾಣುವ ಈತನ ಕಿರೀಟ, ಎದೆ, ಕಾಲು ಬೇರೆಬೇರೆ ಚೂರುಗಳಾಗಿ ಸಿಕ್ಕಿದ್ದವು, ಮುಖ ಸಿಕ್ಕಿರಲೇ ಇಲ್ಲ. ಕಿರೀಟ ಒಬ್ಬ ಪೂಜಾರಿಣಿಯದೋ ಸಿಂಹನಾರಿಯದೋ ಇರಬಹುದು, ಎದೆಯ ಭಾಗ ಒಬ್ಬ ಮಲ್ಲನದಿರಬಹುದು ಎಂದು ನಂತರದ ವಿದ್ವಾಂಸರು ವಾದಿಸಿದ್ದಾರೆ. ಅಂದರೆ ಆ ರಾಜಕುಮಾರ ಎಂದೂ ಇರದೆಯೇ ಇರಬಹುದು. ಇಷ್ಟನ್ನು ಕಂಡ ಮೇಲೆ ಎದುರಿಗೇ ಇರುವ ಗೂಳಿಯ ಮೇಲೆ ಲಾಗ ಹಾಕುವವರ ಚಿತ್ರವನ್ನೂ, ಕೆಳಗಿನ ಕೋಣೆಗಳಲ್ಲಿರುವ ಹಾವು ಹಿಡಿದ ದೇವಿಯರ ಬೊಂಬೆಗಳನ್ನೂ ನೀವು ಹೊಸ ಎಚ್ಚರದಿಂದ ನೋಡುತ್ತೀರಿ. ಅರಮನೆಯ ಒಂದು ಮರದ ಮಾದರಿಯೂ ಅಲ್ಲಿದೆ. ಮರುದಿನ ಎಲ್ಲೆಲ್ಲಿ ನಡೆಯಬೇಕೆಂಬುದನ್ನು ಅದರ ಮುಂದೆ ನಿಂತೇ ನಿರ್ಧರಿಸಿಕೊಳ್ಳಿ.

ಕ್ನೋಸೊಸ್‌ಗೆ ಹೆರಾಕ್ಲಿಯೊನ್‌ನಿಂದ ನಗರ ಸಾರಿಗೆಯ ಬಸ್ಸು ಸಿಗುತ್ತದೆ. ಪ್ರಯಾಣ ಸುಮಾರು ಇಪ್ಪತ್ತು ನಿಮಿಷ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಹಡಗುಗಳಲ್ಲಿ ಬರುವ ಪ್ರವಾಸಿಗರ ಗುಂಪುಗಳು ಹತ್ತು ಗಂಟೆಯ ನಂತರ ಒಳನುಗ್ಗುತ್ತವೆ. ಆಮೇಲೆ ಸಿಂಹಾಸನದ ಕೋಣೆಯ ಮುಂದೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಒಳಹೊಕ್ಕವರೇ ನೇರವಾಗಿ ಆ ಕೋಣೆಗೆ ಹೋಗಿ. ಅದು ನೀವು ಎಣಿಸಿರುವುದಕ್ಕಿಂತ ತುಂಬ ಚಿಕ್ಕದು. ಎಲೆಯಂತೆ ಅಂಚು ಬಳುಕಿದ ಬೆನ್ನಿನ ಜಿಪ್ಸಮ್ ಸಿಂಹಾಸನ, ಅದರ ಎರಡೂ ಬದಿಯ ಕಲ್ಲಿನ ಜಗಲಿ, ಎದುರಿಗೆ ಮೆಟ್ಟಿಲಿಳಿದು ಹೋಗುವ ಒಂದು ಹೊಂಡ ಇವು ಮೂಲದವು. ಹದ್ದಿನ ತಲೆ, ಸಿಂಹದ ಮೈಯುಳ್ಳ ಗ್ರಿಫಿನ್‌ಗಳ ಚಿತ್ರ ಚೂರುಗಳನ್ನು ಆಧರಿಸಿದ ಮರುಸೃಷ್ಟಿ. ಇಲ್ಲಿ ಕೂತದ್ದು ರಾಜನೋ, ಪೂಜಾರಿಣಿಯೋ, ದೇವಿಯ ಪಾತ್ರ ವಹಿಸಿದ ಹೆಂಗಸೋ ಎಂಬುದು ಇತ್ಯರ್ಥವಾಗಿಲ್ಲ. ಮಿನೋವನ್ ಎಂಬ ಹೆಸರೂ ಪುರಾಣದ ಮಿನೋಸ್ ರಾಜನಿಂದ ಇಂದಿನವರು ಕೊಟ್ಟದ್ದೇ ಹೊರತು ಆ ಜನ ತಮ್ಮನ್ನು ಹಾಗೆ ಕರೆದುಕೊಂಡದ್ದಲ್ಲ. ‘ಅರಮನೆ’ ಎಂಬ ಮಾತಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಧಾನ್ಯ, ಎಣ್ಣೆ, ಉಣ್ಣೆಗಳ ಸಂಗ್ರಹ, ಲೆಕ್ಕಪತ್ರ, ಕುಶಲ ಕೆಲಸ, ಪೂಜೆ ಇವೆಲ್ಲ ಒಂದೇ ಸೂರಿನಡಿ ನಡೆಯುತ್ತಿದ್ದ ಈ ಕಟ್ಟಡವನ್ನು ನಮ್ಮ ದೊಡ್ಡ ದೇವಸ್ಥಾನ, ಖಜಾನೆ ಮತ್ತು ಮಂಡಿ ಮೂರೂ ಸೇರಿದಂಥದ್ದು ಎಂದು ಕಲ್ಪಿಸಿಕೊಂಡರೆ ವಾಸ್ತವಕ್ಕೆ ಹತ್ತಿರವಾಗುತ್ತದೆ.

ಅದಕ್ಕೆ ಸಾಕ್ಷಿ ಪಶ್ಚಿಮದ ಉಗ್ರಾಣಗಳಲ್ಲಿದೆ. ಉದ್ದವಾದ ಓಣಿಯೊಂದರ ಪಕ್ಕಕ್ಕೆ 18 ಕಿರಿದಾದ ಉಗ್ರಾಣಗಳು ಸಾಲಾಗಿವೆ, ಕೆಲವುಗಳಲ್ಲಿ ಗುಡಾಣಗಳು ಇಂದಿಗೂ ನಿಂತಿವೆ. ಅಲ್ಲಿನ ಜಿಪ್ಸಮ್ ಕಲ್ಲುಗಳ ಮೇಲೆ ಕಪ್ಪು ಕಲೆಗಳಿರುವುದನ್ನು ಗಮನಿಸಿ. ಅರಮನೆ ಉರಿದ ದಿನದ ಹೊಗೆ, ಎಣ್ಣೆಗಳ ಗುರುತುಗಳವು. ಇಡೀ ಕ್ನೋಸೊಸ್‌ನಲ್ಲಿ ನನ್ನನ್ನು ಅತ್ಯಂತ ಕಲಕುವುದು ಈ ಮಸಿ. ಅದನ್ನು ಯಾವ ಕಲಾವಿದನೂ ಬಳಿದದ್ದಲ್ಲ. ಆ ಬೆಂಕಿ ಇನ್ನೊಂದು ಉಪಕಾರವನ್ನೂ ಮಾಡಿತು: ಒಣಗಿಸಿಟ್ಟಿದ್ದ ಹಸಿಮಣ್ಣಿನ ಲೆಕ್ಕದ ಹಲಗೆಗಳನ್ನು ಸುಟ್ಟು ಇಟ್ಟಿಗೆಯಂತೆ ಗಟ್ಟಿ ಮಾಡಿತು. ಹಾಗೆ ಉಳಿದ ಹಲಗೆಗಳ ಸಂಖ್ಯೆ ಇಲ್ಲಿ 3000ಕ್ಕೂ ಹೆಚ್ಚು. ಲೀನಿಯರ್ ಬಿ ಎಂಬ ಆ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಓದಿದಾಗ, ಇವಾನ್ಸ್ ಕೊನೆಯವರೆಗೂ ಒಪ್ಪದಿದ್ದ ಸಂಗತಿ ಹೊರಬಂತು: ಅದು ಗ್ರೀಕ್ ಭಾಷೆ. ಅದಕ್ಕೂ ಹಿಂದಿನ ಮಿನೋವನ್ನರ ಲೀನಿಯರ್ ಎ ಲಿಪಿಯ ಭಾಷೆ ಇಂದಿಗೂ ತಿಳಿದಿಲ್ಲ.

ಬಳಿಕ ನಡುವಿನ ಅಂಗಳಕ್ಕೆ ಬನ್ನಿ. ಉತ್ತರ–ದಕ್ಷಿಣವಾಗಿ ಸುಮಾರು 50 ಮೀಟರ್ ಉದ್ದ, 25 ಮೀಟರ್ ಅಗಲ. ಅದರ ಪೂರ್ವದ ಅಂಚಿನಿಂದ ಮಹಾಸೋಪಾನ ಕೆಳಗಿಳಿಯುತ್ತದೆ. ಅದರ ಪಕ್ಕದಲ್ಲೇ ಮೇಲಿನಿಂದ ಕೆಳಗಿನವರೆಗೆ ತೆರೆದ ಬಾವಿಯಂಥ ಜಾಗವಿದೆ. ನಮ್ಮ ತೊಟ್ಟಿಮನೆಯಲ್ಲಿ ನಡುವಿನ ತೊಟ್ಟಿ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು, ಆಳದ ಕೋಣೆಗಳಿಗೆ ಬೆಳಕನ್ನೂ ಗಾಳಿಯನ್ನೂ ಇಳಿಸುತ್ತಿತ್ತು. ಮೆಟ್ಟಿಲ ಮೇಲಿಂದ ನೋಡಿದರೂ ಇದು ಸ್ಪಷ್ಟವಾಗಿ ಕಾಣುವುದರಿಂದ ನಿಮ್ಮ ಪತ್ನಿಯವರು ಕೆಳಗಿಳಿಯದಿದ್ದರೂ ಹೆಚ್ಚೇನೂ ತಪ್ಪುವುದಿಲ್ಲ. ಕೆಳಗಿನ ಕೆಲವು ಕೋಣೆಗಳಿಗೆ ಪ್ರವೇಶವೂ ಇರುವುದಿಲ್ಲ. ಅವುಗಳಲ್ಲಿ ಒಂದಕ್ಕೆ ‘ರಾಣಿಯ ಹಜಾರ’ ಎಂಬ ಹೆಸರು ಇವಾನ್ಸ್ ಇಟ್ಟದ್ದು. ಅಲ್ಲಿರುವ ಡಾಲ್ಫಿನ್‌ಗಳ ಚಿತ್ರದ ಮೂಲ ಮೇಲಂತಸ್ತಿನ ನೆಲದ ಮೇಲಿದ್ದು ಕೆಳಗೆ ಬಿದ್ದಿರಬಹುದು ಎಂಬ ವಾದವೂ ಇದೆ.

ನನಗೆ ಬಹಳ ಪ್ರಿಯವಾದ ಭಾಗ ನೀರಿನ ವ್ಯವಸ್ಥೆ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾದ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸಲಾಗಿದೆ. ಕಲ್ಲುಹಾಸಿನ ಕೆಳಗೆ ಕಲ್ಲಿನ ಮೋರಿಗಳು ಹರಿದಿವೆ. ರಾಣಿಯದೆನ್ನುವ ಆ ಭಾಗದಲ್ಲಿ ನೀರು ಹೊಯ್ದು ಶುಚಿ ಮಾಡುವ ಶೌಚಗೃಹವೂ ಇತ್ತು. ಪೂರ್ವದ ಕೊತ್ತಳದ ಬಳಿ ಇಳಿಜಾರಾದ ಮೆಟ್ಟಿಲುಗಳ ಪಕ್ಕದಲ್ಲಿ ಮಳೆನೀರಿನ ಕಾಲುವೆಯೊಂದಿದೆ. ಅದರ ತಳವನ್ನು ಸೀದಾ ಇಳಿಬಿಡದೆ ಅಲೆಯಲೆಯಾಗಿ ಬಾಗಿಸಿ ಕಡೆದಿದ್ದಾರೆ. ಇದರಿಂದ ರಭಸದ ನೀರು ತಿರುವಿನಲ್ಲಿ ಹೊರಗೆ ಚಿಮ್ಮದೆ ವೇಗ ಕಳೆದುಕೊಂಡು, ನಡುವೆ ಇರುವ ಚಿಕ್ಕ ಗುಂಡಿಗಳಲ್ಲಿ ಮಣ್ಣನ್ನು ಬಿಟ್ಟು, ಮುಂದಕ್ಕೆ ತಿಳಿಯಾಗಿ ಸಾಗುತ್ತದೆ. ಯಾವ ಫಲಕದ ವಿವರಣೆಯೂ ಇಲ್ಲದೆ, ಮೂವತ್ತೈದು ಶತಮಾನದ ಹಿಂದೆ ಒಬ್ಬ ಮೇಸ್ತ್ರಿ ಏನು ಯೋಚಿಸಿದ ಎಂಬುದು ಅಲ್ಲಿ ಅರ್ಥವಾಗುತ್ತದೆ.

ಚಕ್ರವ್ಯೂಹದ ಬಗ್ಗೆ: ಪುರಾಣದ ಪ್ರಕಾರ ಗೂಳಿಯ ತಲೆಯ ಮಿನೋಟಾರನನ್ನು ಕೂಡಿಹಾಕಲು ಡೀಡಲಸ್ ಎಂಬ ಶಿಲ್ಪಿ ಕಟ್ಟಿದ ‘ಲ್ಯಾಬಿರಿಂತ್’ ಎಂಬ ಕಟ್ಟಡ ನಿಮಗೆ ಕ್ನೋಸೊಸ್‌ನಲ್ಲಿ ಎಲ್ಲಿಯೂ ಸಿಗುವುದಿಲ್ಲ. ಅರಮನೆಯೇ ಅದು, ಅಷ್ಟೊಂದು ಕೋಣೆ, ಓಣಿ, ತಿರುವುಗಳನ್ನು ನಂತರದ ಗ್ರೀಕರು ಕಂಡು ಕಥೆ ಹುಟ್ಟಿತು ಎಂದು ಇವಾನ್ಸ್ ನಂಬಿದ್ದರು. ಲ್ಯಾಬಿರಿಂತ್ ಎಂದರೆ ಎರಡು ಅಲಗಿನ ಕೊಡಲಿಯ, ಅಂದರೆ ‘ಲಾಬ್ರಿಸ್’ನ, ಮನೆ ಎಂಬ ವ್ಯುತ್ಪತ್ತಿಯನ್ನೂ ಅವರು ಬೆಂಬಲಿಸಿದರು. ಈ ವ್ಯುತ್ಪತ್ತಿಯನ್ನು ಇಂದು ಎಲ್ಲರೂ ಒಪ್ಪುವುದಿಲ್ಲ. ಗಟ್ಟಿಯಾದ ಸಾಕ್ಷ್ಯ ಒಂದಿದೆ, ಅದು ತುಂಬ ಚಿಕ್ಕದು. ಕ್ನೋಸೊಸ್‌ನ ಒಂದು ಲೀನಿಯರ್ ಬಿ ಹಲಗೆಯಲ್ಲಿ ಎಲ್ಲ ದೇವರುಗಳಿಗೆ ಒಂದು ಮಡಕೆ ಜೇನು, ‘ಲ್ಯಾಬಿರಿಂತ್‌ನ ಒಡತಿ’ಗೆ ಒಂದು ಮಡಕೆ ಜೇನು ಎಂಬ ಲೆಕ್ಕ ಬರೆದಿದೆ. ಅಂದರೆ ಆ ಹೆಸರಿನ ಸ್ಥಳವೋ ಗುಡಿಯೋ ಆಗ ಇದ್ದಿತು, ಅಲ್ಲಿನ ದೇವಿಗೆ ಅರಮನೆಯಿಂದ ನೈವೇದ್ಯ ಹೋಗುತ್ತಿತ್ತು. ಸುತ್ತಿಸುತ್ತಿ ನಡುವಿಗೆ ಹೋಗುವ ಏಳು ಸುತ್ತಿನ ವಿನ್ಯಾಸ ಕ್ನೋಸೊಸ್ ನಗರ ಎಷ್ಟೋ ಶತಮಾನಗಳ ನಂತರ ಟಂಕಿಸಿದ ನಾಣ್ಯಗಳ ಮೇಲಿದೆ. ಅದರಲ್ಲಿ ಕವಲುಗಳಿಲ್ಲ, ದಾರಿ ತಪ್ಪುವ ಪ್ರಶ್ನೆಯಿಲ್ಲ, ಇರುವುದು ಒಂದೇ ಉದ್ದನೆಯ ದಾರಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಅಭಿಮನ್ಯು ಹೊಕ್ಕ ಚಕ್ರವ್ಯೂಹವನ್ನು ಇದನ್ನು ಬಹಳವಾಗಿ ಹೋಲುವ ಸುತ್ತುದಾರಿಯಾಗಿಯೇ ಕೆತ್ತಿದ್ದಾರೆ. ಈ ಮಾದರಿಯ ವಿನ್ಯಾಸಗಳನ್ನು ಅಧ್ಯಯನ ಮಾಡುವವರು ಅದನ್ನು ವಿಶೇಷವಾಗಿ ಗಮನಿಸುತ್ತಾರೆ. ಪ್ರಯಾಣಕ್ಕೆ ಮೊದಲು ಸಾಧ್ಯವಾದರೆ ಅದನ್ನೊಮ್ಮೆ ನೋಡಿ ಹೋಗಿ. ಎರಡಕ್ಕೂ ಸಂಬಂಧ ಕಲ್ಪಿಸುವ ಅವಸರ ಮಾತ್ರ ಬೇಡ.

ಫೈಸ್ಟೊಸ್‌ಗೆ ಹೋಗಬೇಕೆ? ಮೂರು ದಿನ ಇದೆಯೆಂದ ಮೇಲೆ ಖಂಡಿತ ಹೋಗಿ, ಆದರೆ ಕ್ನೋಸೊಸ್‌ನ ಬದಲಾಗಿ ಅಲ್ಲ, ಅದರ ಮರುದಿನ. ಹೆರಾಕ್ಲಿಯೊನ್‌ನಿಂದ ಸುಮಾರು 60 ಕಿಲೋಮೀಟರ್ ನೈಋತ್ಯಕ್ಕೆ, ಮೆಸ್ಸಾರ ಬಯಲಿನ ಮೇಲೆ ಎದ್ದುನಿಂತ ಗುಡ್ಡದ ನೆತ್ತಿಯಲ್ಲಿ ಅದು ಇದೆ. ಇವಾನ್ಸ್ ಕ್ನೋಸೊಸ್‌ನಲ್ಲಿ ತೊಡಗಿದ 1900ರಲ್ಲೇ ಇಟಲಿಯ ಫೆದೆರಿಕೊ ಹಾಲ್ಬೆರ್ ಮತ್ತು ಲುಯಿಜಿ ಪೆರ್ನಿಯೆರ್ ಇಲ್ಲಿ ಕೆಲಸ ಆರಂಭಿಸಿದರು. ಇಟಲಿಯವರು ಸಿಕ್ಕಿದ್ದನ್ನು ಭದ್ರಪಡಿಸಿದರೇ ಹೊರತು ಮಹಡಿಗಳನ್ನು ಏರಿಸಲಿಲ್ಲ. ಹಾಗಾಗಿ ಇಲ್ಲಿ ಬಣ್ಣದ ಕಂಬಗಳಿಲ್ಲ, ಚಿತ್ರಗಳಿಲ್ಲ. ಹಂಪಿಯ ಅರಮನೆಗಳ ಆವರಣದಲ್ಲಿ ಮರದ ಮೇಲ್ಕಟ್ಟು ಹೋಗಿ ಕಲ್ಲಿನ ಅಧಿಷ್ಠಾನಗಳಷ್ಟೇ ಉಳಿದಿರುವಂತೆ ಇಲ್ಲಿಯೂ ನೆಲ, ಮೆಟ್ಟಿಲು, ಗೋಡೆಯ ಬುಡ ಮಾತ್ರ ಇವೆ. ಮೊದಲು ಇಲ್ಲಿಗೇ ಬಂದರೆ ಈ ಗೆರೆಗಳಿಂದ ಕಟ್ಟಡವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಕ್ನೋಸೊಸ್ ಕಂಡ ಕಣ್ಣಿಗೆ ಅವೇ ಗೆರೆಗಳಿಂದ ಕಂಬ, ಬೆಳಕಿನ ಬಾವಿ, ಉಗ್ರಾಣಗಳು ತಾವಾಗಿ ಮೇಲೇಳುತ್ತವೆ. ಜೊತೆಗೆ, ಎಷ್ಟು ಕಡಿಮೆ ಸಾಕ್ಷ್ಯದಿಂದ ಇವಾನ್ಸ್ ಎಷ್ಟು ಎತ್ತರ ಕಟ್ಟಿದರು ಎಂಬುದೂ ಅಲ್ಲೇ ಮನದಟ್ಟಾಗುತ್ತದೆ.

ಫೈಸ್ಟೊಸ್‌ನ ಇನ್ನೊಂದು ಲಾಭವೆಂದರೆ ಎರಡು ಅರಮನೆಗಳನ್ನು ಅಲ್ಲಿ ಬರಿಗಣ್ಣಿಗೆ ಬೇರೆಬೇರೆಯಾಗಿ ಕಾಣಬಹುದು. ಹಳೆಯದು ಬಿದ್ದ ಮೇಲೆ ಹೊಸದರ ಪಶ್ಚಿಮದ ಗೋಡೆಯನ್ನು ಕೆಲವು ಮೀಟರ್ ಹಿಂದಕ್ಕೆ ಸರಿಸಿ ಕಟ್ಟಿದ್ದರಿಂದ ಹಳೆಯ ಗೋಡೆಯ ಬುಡಗಲ್ಲುಗಳು ಮುಂದಿನ ಅಂಗಳದಲ್ಲಿ ಹಾಗೆಯೇ ಉಳಿದಿವೆ. ಅಲ್ಲಿನ ಅಗಲವಾದ ವಿಧ್ಯುಕ್ತ ಮೆಟ್ಟಿಲುಗಳನ್ನು ನೋಡಿ, ನಡುವಿನ ಅಂಗಳದಲ್ಲಿ ಉತ್ತರಕ್ಕೆ ಮುಖಮಾಡಿ ನಿಲ್ಲಿ. ಎದುರಿಗೆ 2456 ಮೀಟರ್ ಎತ್ತರದ ಪ್ಸಿಲೊರಿತಿಸ್ ಅಥವಾ ಇಡಾ ಪರ್ವತ. ಮೇ ತಿಂಗಳಲ್ಲೂ ಅದರ ಮೇಲೆ ಹಿಮದ ಪಟ್ಟೆಗಳು ಉಳಿದಿರುವುದುಂಟು. ಅದರ ಮೇಲ್ಭಾಗದ ಇಳಿಜಾರಿನಲ್ಲಿ ಕಪ್ಪು ಚುಕ್ಕೆಯಂತೆ ಕಾಣುವುದು ಕಮಾರೆಸ್ ಗುಹೆ. ಕಪ್ಪು ಮೈಯ ಮೇಲೆ ಬಿಳಿ, ಕೆಂಪು, ಕಿತ್ತಳೆ ಬಣ್ಣಗಳ ಬಳ್ಳಿ, ಸುರುಳಿಗಳನ್ನು ಬರೆದ ಹಳೆಯ ಅರಮನೆಯ ಕಾಲದ ಮಡಕೆಗಳಿಗೆ ಆ ಗುಹೆಯ ಹೆಸರೇ ಬಂದಿದೆ. ಇಲ್ಲಿ 1908ರಲ್ಲಿ ಪೆರ್ನಿಯೆರ್ ಅವರಿಗೆ ಸಿಕ್ಕಿದ, ಸುಮಾರು 16 ಸೆಂಟಿಮೀಟರ್ ಅಗಲದ, 45 ಬಗೆಯ ಚಿಹ್ನೆಗಳನ್ನು ಸುರುಳಿಯಾಗಿ ಒತ್ತಿರುವ ಮಣ್ಣಿನ ಬಿಲ್ಲೆಯನ್ನು ನೀವು ಮೊದಲ ದಿನವೇ ವಸ್ತುಸಂಗ್ರಹಾಲಯದಲ್ಲಿ ನೋಡಿರುತ್ತೀರಿ. ಅದನ್ನು ಓದಿದೆವೆಂದು ಹಲವರು ಹೇಳಿಕೊಂಡಿದ್ದಾರೆ, ಒಬ್ಬರ ಓದನ್ನೂ ವಿದ್ವಾಂಸರು ಒಪ್ಪಿಕೊಂಡಿಲ್ಲ. ಸಮಯವಿದ್ದರೆ ಸುಮಾರು 3 ಕಿಲೋಮೀಟರ್ ದೂರದ ಅಗಿಯಾ ತ್ರಿಯಾದಕ್ಕೂ ಹೋಗಬಹುದು. ಲೀನಿಯರ್ ಎ ಹಲಗೆಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಸಿಕ್ಕಿದ್ದು ಅಲ್ಲಿಯೇ. ಕ್ನೋಸೊಸ್, ಫೈಸ್ಟೊಸ್ ಸೇರಿದಂತೆ ಆರು ಮಿನೋವನ್ ಕೇಂದ್ರಗಳು 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ನಿಮ್ಮ ಪತ್ನಿಯವರ ಮೊಣಕಾಲಿನ ದೃಷ್ಟಿಯಿಂದ ಹೇಳುವುದಾದರೆ, ಕ್ನೋಸೊಸ್‌ನಲ್ಲಿ ಪಶ್ಚಿಮದ ಅಂಗಳ, ನಡುವಿನ ಅಂಗಳ, ಉತ್ತರದ ದ್ವಾರ ಇಷ್ಟನ್ನು ಹೆಚ್ಚು ಹತ್ತಿಳಿಯದೆ ನೋಡಬಹುದು. ಕೆಲವೆಡೆ ಮರದ ಹಲಗೆಯ ಕಾಲುದಾರಿಯೂ ಇದೆ. ಹಳೆಯ ಜಿಪ್ಸಮ್ ಚಪ್ಪಡಿಗಳು ಲಕ್ಷಾಂತರ ಪಾದಗಳಿಂದ ಸವೆದು ಜಾರುತ್ತವೆ, ಆದ್ದರಿಂದ ತಳ ಒರಟಾದ ಪಾದರಕ್ಷೆ ಅಗತ್ಯ. ನೆರಳು ಕಡಿಮೆ, ಟೋಪಿ, ನೀರು ಜೊತೆಯಲ್ಲಿರಲಿ. ಪ್ರವೇಶದ್ವಾರದ ಬಳಿ ಪೈನ್ ಮರಗಳ ಕೆಳಗೆ ಕುಳಿತುಕೊಳ್ಳಲು ಸ್ಥಳವಿದೆ, ಅಲ್ಲಿ ಒಮ್ಮೊಮ್ಮೆ ನವಿಲುಗಳೂ ಓಡಾಡುತ್ತಿರುತ್ತವೆ. ಫೈಸ್ಟೊಸ್‌ನಲ್ಲಿ ಮೆಟ್ಟಿಲುಗಳು ಹೆಚ್ಚು. ಆದರೆ ಅಲ್ಲಿ ಮೇಲಿನ ಅಂಗಳದ ಅಂಚಿನಿಂದಲೇ ಪಶ್ಚಿಮದ ಅಂಗಳವೂ ಮೆಸ್ಸಾರ ಬಯಲೂ ಪೂರ್ತಿಯಾಗಿ ಕಾಣುತ್ತವೆ. ನೀವು ಮತ್ತು ಮಗಳು ಕೆಳಗಿಳಿದು ಬರುವವರೆಗೆ ಅವರು ಅಲ್ಲೇ ಕುಳಿತಿರಬಹುದು, ಅದಕ್ಕಿಂತ ಒಳ್ಳೆಯ ನೋಟ ಕೆಳಗೆಲ್ಲೂ ಸಿಗುವುದಿಲ್ಲ.